ಬೂದಿ ತಿಕ್ಕಿದ ವಾಲ್ವುಗಳು

ಒಲೆಯ ಬೂದಿಯಲ್ಲಿ ಚೊಂಬು ಬೆಳಗುವಾಗ ಈಗಲೂ ಯಲ್ದೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ತಾತ ಬಿಟ್ಟುಹೋದ ಕೆಟ್ಟ ರೇಡಿಯೊವನ್ನು ಅಣ್ಣ ಮೊದಲಿನಂತೆ ಮಾಡಲು ಕೂತಿದ್ದ. ಒಳಗಿದ್ದ, ಬಲ್ಬಿನಂಥ ಗಾಜಿನ ವಾಲ್ವುಗಳನ್ನು ಕಿತ್ತು ಚಾಪೆಯ ಮೇಲಿಟ್ಟು ಊಟಕ್ಕೆ ಎದ್ದ. ಅವುಗಳ ಮೇಲಿದ್ದ ಇಂಗ್ಲಿಷ್ ಅಕ್ಷರ, ನಂಬರು ನನಗೆ ಕೊಳೆಯಂತೆ ಕಂಡವು. ಅಣ್ಣನಿಗೆ ಖುಷಿಯಾಗಲೆಂದು ಬೂದಿಯಲ್ಲಿ ತಿಕ್ಕಿ ಫಳಫಳ ಹೊಳೆಯಿಸಿದೆ.

ಊಟ ಮುಗಿಸಿ ಬಂದ ಅಣ್ಣ ಕೂಗಿದ: "ಲೇ, ನಂಬರೆಲ್ಲ ಎಲ್ಲೋಯ್ತೇ? ಯಾವ್ದು ಎಲ್ಲಿ ಹಾಕ್ಲಿ?"

"ನಾ ಮುಟ್ಟೇ ಇಲ್ಲಣ್ಣ."

ಅಣ್ಣ ಅಂದಾಜಿನಲ್ಲಿ ಸಿಕ್ಕಿಸಿ ಸ್ವಿಚ್ ಹಾಕಿದ. ರೇಡಿಯೊದಿಂದ ಹೊಗೆ ಬಂತು. ಅಪ್ಪ ಓಡಿಬಂದು, ಬರಿ ಗಾಜಾಗಿದ್ದ ವಾಲ್ವುಗಳನ್ನು ಬಗ್ಗಿ ನೋಡಿದರು.

"ನಿಮ್ ತಾತನ ಗುರುತು ಇದೊಂದೇ ಇತ್ತಲ್ಲೋ! ನಂಬರ್ ಯಾರೋ ಅಳಿಸಿದ್ದು?"

ಅಣ್ಣ ನನ್ನ ಉಗುರುಗಳಲ್ಲಿದ್ದ ಬೂದಿಯನ್ನು ನೋಡಿದ.

"ನಾನೇ ಒರೆಸ್ಬಿಟ್ಟೆ ಅಪ್ಪಾ."

ಅವನ ಬೆನ್ನಿಗೆ ಏಟು ಬೀಳುತ್ತಿದ್ದಾಗ ನಾನು ಕೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ನಿಂತಿದ್ದೆ.