ಬೆಕ್ಕಿಗೊಂದು ಮುಖ

ಬೆಕ್ಕಿನ ತಲೆಗೆ ಗುಂಗುರು ಕೂದಲು ಬಿಡಿಸಿದ ಮೇಲೆಯೇ ಚೂಪಿಯ ಹೊಟ್ಟೆ ತಣ್ಣಗಾಯಿತು. ಮೂಗಿನ ಮೇಲೊಂದು ದುಂಡು ಕನ್ನಡಕ, ಕೊರಳಿಗೆ ಕೆಂಪು ಶಾಲು. ಇನ್ನು ಹೆಸರು ಬರೆಯುವುದೊಂದು ಬಾಕಿ. ಅದು ಯಾರೆಂದು ಬಾಗಿಲು ಕಾಯುವವನಿಗೂ ಗೊತ್ತಾಗಬೇಕು.

ಬೇರೆ ಯಾರೂ ಅಲ್ಲ, ಪಕ್ಕದ ಮೇಜಿನ ಗುಂಗುರಿ. ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಕೋಣೆ, ಒಂದೇ ಬಕೆಟ್ಟು. ಹೋದ ವರ್ಷದವರೆಗೆ ಜೀವವೂ ಒಂದೇ ಎನ್ನುವಂತಿದ್ದರು. ಸದಾ ಪೆನ್ಸಿಲ್ ಹೆರೆಯುತ್ತಾ ಕೂರುವವಳಿಗೆ ಚೂಪಿ ಎಂದು ಹೆಸರಿಟ್ಟವಳೂ ಗುಂಗುರಿಯೇ.

ಹೋದ ವರ್ಷ ಆದದ್ದಿಷ್ಟು. ಆನಿಮೇಷನ್ ತರಗತಿಯ ಪ್ರತಿಯೊಬ್ಬರೂ ಮಾತಿಲ್ಲದ ಒಂದು ಪುಟ್ಟ ಚಿತ್ರಕ್ಕೆ ಕಥೆ ಹುಡುಕಿ ತರಬೇಕಿತ್ತು. ಚೂಪಿ ತಂದದ್ದು ಮಳೆಗೆ ಹೆದರುವ ಕೊಡೆಯ ಕಥೆ. ಹಾಸ್ಟೆಲಿನ ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಅದು ಹೊಳೆದಿತ್ತು. ಗುಂಗುರಿ ಪಕ್ಕದಲ್ಲಿ ನಿಂತು ಎಂದಿನಂತೆ ಏನೋ ಹರಟುತ್ತಿದ್ದಳು. ಹರಟೆ ಯಾರಿಗೆ ಬೇಕಿತ್ತು! ಚೂಪಿಯ ಕಣ್ಣ ಮುಂದೆ ಕೊಡೆಯೊಂದು ಗಡಗಡ ನಡುಗುತ್ತಿತ್ತು.

ಕಥೆ ಹೇಳುವ ದಿನ ಗುಂಗುರಿಯ ಸರದಿ ಮೊದಲು ಬಂತು. ಹಲಗೆಗೆ ಚಿತ್ರದ ಕಾರ್ಡುಗಳನ್ನು ಚುಚ್ಚಿ ಅವಳು ಹೇಳಿದ್ದೂ ಅದೇ ಕೊಡೆಯ ಕಥೆ!

ಚೂಪಿ ಕುರ್ಚಿಯಿಂದ ನೆಗೆದೆದ್ದಿದ್ದಳು. "ಸರ್, ಅದು ನಂದು!" ಗಲ್ಲ ಮೇಲೆತ್ತಿ, ಕಿವಿಯ ತುದಿ ಎಳೆದುಕೊಳ್ಳುತ್ತಾ ಇನ್ನೊಮ್ಮೆ ಹೇಳಿದ್ದಳು, "ನಂದೇ ಸರ್."

ಗುಂಗುರಿ ಬಾಯಿ ಬಿಟ್ಟುಕೊಂಡು ನಿಂತಳು. ಸಿಕ್ಕಿಬಿದ್ದ ಕಳ್ಳರು ನಿಲ್ಲುವುದೇ ಹಾಗಲ್ಲವೇ? ಮೇಷ್ಟ್ರು ಇಬ್ಬರ ಕಾರ್ಡುಗಳನ್ನೂ ಕಿತ್ತುಕೊಂಡು ಡ್ರಾಯರಿಗೆ ಹಾಕಿದರು. "ಇಬ್ಬರಲ್ಲಿ ಒಬ್ಬರು ಕದ್ದಿದ್ದೀರಿ. ಒಪ್ಪಿಕೊಳ್ಳೋವರೆಗೂ ಈ ಕೊಡೆ ಯಾರದ್ದೂ ಅಲ್ಲ."

ಅಂದಿನಿಂದ ಕೋಣೆಯಲ್ಲಿ ಮಾತು ಬಂದ್. ಗುಂಗುರಿ ಒಂದೆರಡು ಸಲ ಏನೋ ಹೇಳಲು ಬಂದಳು. ಚೂಪಿ ಗೋಡೆ ಕಡೆ ತಿರುಗಿ ಮಲಗಿದಳು. ಕೊಡೆ ರಿಪೇರಿಯವನ ಮಗಳು ಗುಂಗುರಿಗೆ ಇಂಥ ಕಥೆ ಹೊಳೆಯುವುದುಂಟೇ? ಹುಟ್ಟಿದಾಗಿನಿಂದ ಕೊಡೆಗಳ ನಡುವೆ ಬೆಳೆದವಳಿಗೆ ಕೊಡೆಯೆಂದರೆ ಬರೀ ಕಡ್ಡಿ ಮತ್ತು ಬಟ್ಟೆ. ಹೀಗೆ ಲೆಕ್ಕ ಹಾಕುತ್ತಾ ಚೂಪಿ ಒಳಗೊಳಗೇ ಕುದಿಯುತ್ತಿದ್ದಳು.

ಈಗ ಕೊನೆಯ ವರ್ಷದ ಚಿತ್ರ. ಇಡೀ ತರಗತಿಯಿಂದ ಒಂದನ್ನೇ ಆರಿಸಿ ದೊಡ್ಡ ಸ್ಟುಡಿಯೊಗೆ ಕಳಿಸುತ್ತಾರೆ, ಆರಿಸಿದವರಿಗೆ ಅಲ್ಲೇ ಕೆಲಸ. ಚೂಪಿಗೆ ಕೆಲಸ ಬೇಕಿತ್ತು, ನಿಜ. ಆದರೆ ತುಂಬಿದ ಸಭೆಯಲ್ಲಿ ಗುಂಗುರಿ ತಲೆ ತಗ್ಗಿಸುವುದು ಅದಕ್ಕಿಂತ ಹೆಚ್ಚು ಬೇಕಿತ್ತು.

ಕಥೆ ಸುಲಭವಾಗಿ ಸಿಗಲಿಲ್ಲ. ಬೇರೆಯವರ ಗೂಡಿಗೆ ನುಗ್ಗುವ ಹಕ್ಕಿ? ತೀರಾ ಸಾಧು. ಮೊಟ್ಟೆ ನುಂಗುವ ಹಾವು? ಹಾವಿನ ತಲೆಗೆ ಕೂದಲು ಹಚ್ಚುವುದು ಹೇಗೆ! ಕೊನೆಗೆ ಬೆಕ್ಕು ಸಿಕ್ಕಿತು. ಇಲಿ ಕಷ್ಟಪಟ್ಟು ಮಾಡಿದ ಗಾಳಿಪಟವನ್ನು ಬೆಕ್ಕು ಕದಿಯುತ್ತದೆ, ತನ್ನದೆಂದು ಊರಿಗೆಲ್ಲ ತೋರಿಸುತ್ತದೆ, ಅದೇ ದಾರಕ್ಕೆ ಸಿಕ್ಕಿಕೊಂಡು ಕಂಬಕ್ಕೆ ತಲೆಕೆಳಗಾಗಿ ನೇತು ಬೀಳುತ್ತದೆ.

ಮೇಷ್ಟ್ರು ಕಾರ್ಡುಗಳ ಮುಂದೆ ಬಹಳ ಹೊತ್ತು ನಿಂತರು. "ತಾನು ಕಳ್ಳ ಅಂತ ಈ ಬೆಕ್ಕಿಗೆ ಗೊತ್ತಾ?"

"ಚೆನ್ನಾಗಿ ಗೊತ್ತು ಸರ್."

"ಗೊತ್ತಿಲ್ಲದಿದ್ರೆ ಕಥೆ ಇನ್ನೂ ಚೆನ್ನಾಗಿರುತ್ತೆ. ಕದ್ದಿದ್ದನ್ನ ತನ್ನದೇ ಅಂತ ನಂಬಿಬಿಟ್ಟಿರೋ ಮುಖ ಹೇಗಿರುತ್ತೆ, ಬಿಡಿಸಿ ನೋಡು. ಕನ್ನಡಿ ಮಾತ್ರ ಬಿಡಬೇಡ."

ಕನ್ನಡಿ ಆ ತರಗತಿಯ ಪಾಠ. ಎಲ್ಲರ ಮೇಜಿನ ಮೇಲೂ ಒಂದೊಂದು ಇರುತ್ತಿತ್ತು. ಪಾತ್ರ ಏನು ಮಾಡುತ್ತದೋ ಅದನ್ನು ಮೊದಲು ತಾವು ಮಾಡಬೇಕು, ಕಂಡದ್ದನ್ನು ಕಾಗದಕ್ಕೆ ಇಳಿಸಬೇಕು. ಚೂಪಿ ಗಾಳಿಪಟದ ಬದಲು ರಟ್ಟೊಂದನ್ನು ಎದೆಗೆ ಒತ್ತಿಕೊಂಡು ಕೂತಳು. ಹೋದ ವರ್ಷದ ಆ ದಿನವನ್ನು ನೆನೆದಳು. 'ನಂದೇ' ಎಂದು ಕನ್ನಡಿಗೆ ಹೇಳಿದಳು, ಬಿಡಿಸಿದಳು. ಮತ್ತೆ ಹೇಳಿದಳು, ಮತ್ತೆ ಬಿಡಿಸಿದಳು. ಕಾಗದದ ಮೇಲೆ ಬೆಕ್ಕು ಉಸಿರಾಡತೊಡಗಿತು. ಇಷ್ಟು ಜೀವಂತ ಕಳ್ಳನನ್ನು ಅವಳು ಈವರೆಗೆ ಬಿಡಿಸಿರಲಿಲ್ಲ.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ತರಗತಿಯ ಮೇಜುಗಳಿದ್ದ ಕ್ರಮದಲ್ಲೇ ಕುರ್ಚಿಗಳು, ಹಾಗಾಗಿ ಗುಂಗುರಿ ಪಕ್ಕದಲ್ಲೇ ಕೂರಬೇಕಾಯಿತು. ಒಳ್ಳೆಯದೇ ಆಯಿತು, ಅವಳ ಮುಖ ಬಾಡುವುದನ್ನು ಹತ್ತಿರದಿಂದಲೇ ನೋಡಬಹುದು.

ತೆರೆಯ ಮೇಲೆ ಗುಂಗುರು ಕೂದಲು ಬಂತು, ಕನ್ನಡಕ ಬಂತು, ಕೆಂಪು ಶಾಲು ಬಂತು. ಅಲ್ಲಲ್ಲಿ ಪಿಸುಮಾತು. ಬೆಕ್ಕು ಗಾಳಿಪಟವನ್ನು ಎದೆಗೆ ಒತ್ತಿಕೊಂಡು ಊರಿನ ಮುಂದೆ ನಿಂತಿತು. ಒಬ್ಬರು ಕಿಸಕ್ಕನೆ ನಕ್ಕರು. ನಗು ಸಾಲಿಂದ ಸಾಲಿಗೆ ಹಬ್ಬಿತು. ತಲೆಗಳು ಒಂದೊಂದಾಗಿ ಇತ್ತ ತಿರುಗಿದವು. ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಚೂಪಿ ಗೆದ್ದಳು! ಕಳ್ಳಿಯ ಮುಖ ನೋಡಲು ತಿರುಗಿದಳು. ಗುಂಗುರಿ ಅಳುತ್ತಿದ್ದಳು, ಆದರೆ ನಗುತ್ತಾ. ಚೂಪಿಯ ಎರಡೂ ಕೈ ಹಿಡಿದುಕೊಂಡಳು.

"ನನ್ನ ಕೂದಲು, ನನ್ನ ಕನ್ನಡಕ ಹಾಕ್ಕೊಂಡು ಥೇಟ್ ನೀನೇ ಬಂದು ನಿಂತೆಯಲ್ಲೇ! ಅದೇ ಗಲ್ಲ ಎತ್ತೋದು, ಕಿವಿ ತುದಿ ಎಳ್ಕೊಳ್ಳೋದು... ಅವತ್ತು ತಾರಸಿ ಮೇಲೆ ನಮ್ಮಪ್ಪನ ಅಂಗಡಿ ಕೊಡೆ ಕಥೆ ಹೇಳ್ತಿದ್ದಾಗ ನೀನು ಕೇಳಿಸಿಕೊಂಡೇ ಇಲ್ಲ ಅಂದ್ಕೊಂಡಿದ್ದೆ. ಹೋಗ್ಲಿ ಬಿಡು, ಎಲ್ಲರೆದುರು ಒಪ್ಪಿಕೊಂಡೆಯಲ್ಲ, ಅಷ್ಟು ಸಾಕು ಕಣೇ."

ಚೂಪಿ ಕೈ ಕೊಸರಿಕೊಂಡಳು. 'ಇಲ್ಲ, ಕೊಡೆ ನಂದೇ' ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಬೆರಳುಗಳು ಕಿವಿಯ ತುದಿ ಹಿಡಿದಾಗಿತ್ತು.