ಕುಂಟು ಜಿಂಕೆ

ಉಸ್ತಾದರಿಗೆ ಸುಳಿವು ಸಿಕ್ಕಿರಬಹುದೇ? ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಬೈದಿರುತ್ತಿದ್ದರು. ಅಥವಾ ಬೈಯಲೂ ಆಗದಷ್ಟು ಕುಗ್ಗಿಹೋದರೋ? ಗಾಜಿನ ಜಿಂಕೆಗಳನ್ನು ಒಂದೊಂದಾಗಿ ಹತ್ತಿಯಲ್ಲಿ ಸುತ್ತುತ್ತಿದ್ದ ಕುನಾಲನಿಗೆ ಅದೇ ಯೋಚನೆ.

ಬಸವಕಲ್ಯಾಣದ ಆ ಪುಟ್ಟ ಅಂಗಡಿಯಲ್ಲಿ ಅವನು ಹನ್ನೊಂದು ವರ್ಷ ಗಾಜಿನ ಕಡ್ಡಿ ಕತ್ತರಿಸಿದ್ದ. ಉರಿಯ ಮುಂದಿನ ಗಾದಿ ಸೈಫುದ್ದೀನ್ ಉಸ್ತಾದರದು. "ಒಂದಿನಾನರ ಇಲ್ಲಿ ಕೂಡೋ" ಎಂದು ಅವರು ಎಷ್ಟು ಕರೆದರೂ, "ನೀವಿರೂತನಾ ನಾ ಅಲ್ಲಿ ಕೂಡಂಗಿಲ್ರಿ" ಎನ್ನುತ್ತಿದ್ದ.

ಎರಡು ವರ್ಷದ ಕೆಳಗೆ ಜಿಂಕೆಗಳ ಕಿವಿ ಸೊಟ್ಟಗಾಗತೊಡಗಿದವು. ಎಪ್ಪತ್ತರ ಉಸ್ತಾದರ ಕಣ್ಣು ಹೋಗುತ್ತಿದೆ! ಕುನಾಲ ಹಾಗೆಂದುಕೊಂಡ. ಹುಮನಾಬಾದಿನ ಅಂಗಡಿಯ ಸೂಗಮ್ಮನಿಗೆ ಗೊತ್ತಾದರೆ ಆಟಿಕೆ ಕೊಳ್ಳುವುದನ್ನೇ ಬಿಡುತ್ತಾಳೆ; ಉಸ್ತಾದರ ಹೆಸರು ಮಣ್ಣುಪಾಲು. ಅಂದು ಅವರು ಸಂಜೆಯ ನಮಾಜಿಗೆ ಹೊರಟೊಡನೆ ಅವನು ಕಳ್ಳನಂತೆ ಗಾದಿಯ ಮೇಲೆ ಕೂತ. ಜಿಂಕೆಯನ್ನು ಮೆಲ್ಲಗೆ ಕಾಯಿಸಿ, ಸೊಟ್ಟ ಕಿವಿ ತೆಗೆದು ಹೊಸದು ಎಳೆದ. ಬೆರಳು ಸುಟ್ಟವು.

ಕಿವಿ ಎಳೆಯುವುದು ಕೈಗೆ ಹತ್ತಿತು. ಆಗ ಉಸ್ತಾದರ ಜಿಂಕೆಗಳ ಕುತ್ತಿಗೆ ಕೆಟ್ಟಿತು. ಅದೂ ಕೈಗೆ ಹತ್ತುವಷ್ಟರಲ್ಲಿ ಕೊಂಬು. ಆಮೇಲೆ ಕಾಲು, ಒಂದೂ ನಿಲ್ಲದ ಕುಂಟು ಜಿಂಕೆಗಳು. ಈ ವಾರವಂತೂ ತಟ್ಟೆಯಲ್ಲಿದ್ದದ್ದು ಬರೀ ಗಾಜಿನ ಮುದ್ದೆ. ಹತ್ತು ಜಿಂಕೆಗಳನ್ನೂ ಕುನಾಲನೇ ಮಾಡಿದ. ಮುಚ್ಚಿಡುವ ಕೆಲಸಕ್ಕೆ ಕೈಗಿಂತ ಮನಸ್ಸು ಹೆಚ್ಚು ದಣಿದಿತ್ತು.

"ಕುನಾಲ್!" ಬಸ್ಸು ಹತ್ತುವಾಗ ಉಸ್ತಾದರು ರಸ್ತೆಯಾಚೆಯಿಂದ ಕೂಗಿದರು. "ಅಂಗಿ ಗುಂಡಿ ತಪ್ಪ ಹಾಕೀದಿ ನೋಡೋ. ಬೀಗರ ಮನಿಗಿ ಹೊಂಟಾಂವನಂಗ ಗಡಬಡಿ ಯಾಕ?"

ಗುಂಡಿ ಸರಿಮಾಡಿಕೊಂಡು ಅವನು ಕಿಟಕಿಗೆ ತಲೆಯಾನಿಸಿದ.

ಹುಮನಾಬಾದಿನಲ್ಲಿ ಸೂಗಮ್ಮ ಎಂದಿನಂತೆ ಎಣಿಸಿ ಒಳಗಿಡಲಿಲ್ಲ. ಕಪಾಟಿನಿಂದ ಇನ್ನೊಂದು ಜಿಂಕೆ ತೆಗೆದು ಇವುಗಳ ನಡುವೆ ನಿಲ್ಲಿಸಿ, ಅದಲುಬದಲು ಮಾಡಿ, ಬಹಳ ಹೊತ್ತು ನೋಡಿದಳು.

"ಇವು ಯಾರ ಕೈಯವೋ, ತಮ್ಮಾ?"

ಕುನಾಲ ಹತ್ತಿ ಮಡಚತೊಡಗಿದ. "ಎಲ್ಲಾ ಉಸ್ತಾದರವೇ ರೀ, ಅವ್ವಾ."

"ಸುಳ್ಳ ಹೇಳಾಕ ಇನ್ನಾ ಕಲ್ತಿಲ್ಲ ನೀ. ಇದರಾಗ ಒಂದ ಅಷ್ಟ ಅವರದು. ಹೋದ ಐತವಾರ ತಾವ ಮಾಡಿ, ತಾವ ತಂದ ಕೊಟ್ಟಾರ. 'ಕುನಾಲನ ಜಿಂಕಿ ಇದರ ಮಗ್ಗಲಕ ಇಡ್ರಿ. ಯಾವುದು ಯಾರದು ಅಂತ ಗೊತ್ತಾಗದ ದಿನ ನನಗ ಹೇಳಿ ಕಳಸ್ರಿ' ಅಂದಾರ." ಅವಳು ಕನ್ನಡಕ ತೆಗೆದಳು. "ನನಗಂತೂ ಇವತ್ತ ಗೊತ್ತಾಗವಲ್ದು."

ಕುನಾಲನಿಗೆ ಗೊತ್ತಾಯಿತು. ಎಡದಿಂದ ಮೂರನೆಯದು. ನಾಲ್ಕು ಕಾಲೂ ನೆಟ್ಟಗೆ. ಸಾಸಿವೆಗಿಂತ ಸಣ್ಣ ಕಪ್ಪು ಕಣ್ಣು, ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಕಿವಿ. ಕುತ್ತಿಗೆ. ಕೊಂಬು. ಕಾಲು. ಅವನ ಬೆರಳು ತಾನಾಗಿ ಅಂಗಿಯ ಗುಂಡಿಗೆ ಹೋಯಿತು.

ಕಣ್ಣು ಕಾಣುವುದಿಲ್ಲವೆಂದು ಉಸ್ತಾದರು ಒಮ್ಮೆಯೂ ಹೇಳಿರಲಿಲ್ಲ.