ಪುಟ್ಟಿಯ ಜಾಗದಲ್ಲಿ

"ಇವತ್ತಿನ ಮಟ್ಟಿಗೆ ನೀವೇ ವಧು ಅಂದ್ಕೊಳ್ಳಿ ಅಕ್ಕಾವ್ರೇ," ಎಂದು ಪಾರ್ಟಿ ಹಾಲ್‌ನ ಮ್ಯಾನೇಜರಮ್ಮ ಹೇಳಿದಾಗ ಅಕ್ಕ ನಕ್ಕುಬಿಟ್ಟಳು. ರಿಸೆಪ್ಷನ್ನಿಗೆ ಇನ್ನು ಎರಡೇ ದಿನ. ನಿಜವಾದ ವಧು, ಅವಳ ತಂಗಿ ಪುಟ್ಟಿ, ಬೇರೆ ಊರಿನ ಕೆಲಸ ಮುಗಿಸಿಕೊಂಡು ಇನ್ನೂ ದಾರಿಯಲ್ಲಿದ್ದಳು. ದೀಪ ಹೊಂದಿಸುವುದಕ್ಕೆ, ಬಾಗಿಲಿನಿಂದ ವೇದಿಕೆಯವರೆಗೆ ಹೆಜ್ಜೆ ಎಣಿಸುವುದಕ್ಕೆ ಅದೇ ಎತ್ತರದವರು ಒಬ್ಬರು ಬೇಕಿತ್ತು. ಅಕ್ಕತಂಗಿಯರ ಎತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮರದ ನೆಲಕ್ಕೆ ಆಗಷ್ಟೇ ಪಾಲಿಶ್ ಹಾಕಿದ್ದರಿಂದ ಹೊರಗಿನ ಚಪ್ಪಲಿ ಒಳಗೆ ಬರುವಂತಿರಲಿಲ್ಲ. ಅಮ್ಮ ಚೀಲದಿಂದ ಪುಟ್ಟಿಯ ಬೆಳ್ಳಿ ಬಣ್ಣದ ಹೊಸ ಹೀಲ್ಸ್ ತೆಗೆದುಕೊಟ್ಟಳು. "ಇದನ್ನೇ ಹಾಕ್ಕೊ. ಸ್ವಲ್ಪ ಬಿಗಿಯಾಗ್ಬಹುದು, ಸಹಿಸ್ಕೊ." ಸ್ವಲ್ಪವೇನು, ಒಂದು ನಂಬರ್ ಚಿಕ್ಕದು. ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತವು. ಆದರೆ ಸಹಿಸಿಕೊಳ್ಳುವುದು ಅಕ್ಕನಿಗೆ ಹೊಸತಲ್ಲ. ಕಿಟಕಿ ಪಕ್ಕದ ಮಂಚ, ಸೈಕಲ್ಲಿನ ಸರದಿ, ಕೇಕಿನ ಕೊನೆಯ ತುಂಡು, ಯಾವುದಕ್ಕೆ ಕೈಚಾಚಿದರೂ ಅಮ್ಮನದು ಒಂದೇ ಮಾತು: "ದೊಡ್ಡವಳಲ್ವಾ ನೀನು, ಬಿಟ್ಟುಕೊಡು." ಈ ಮದುಮಗನೂ ಅಷ್ಟೇ. ಮೂರು ವರ್ಷ ಆಫೀಸಿನಲ್ಲಿ ಅವಳ ಎದುರು ಮೇಜಿನಲ್ಲಿ ಕೂತವನು. ಅವನನ್ನು ಮೊದಲ ಸಲ ಮನೆಗೆ ಊಟಕ್ಕೆ ಕರೆತಂದವಳು ಅವಳೇ. ಅವತ್ತು ಬಡಿಸಿದವಳು ಪುಟ್ಟಿ. ಆಮೇಲೆ ಅಮ್ಮ ಬಾಯಿಬಿಟ್ಟು ಏನೂ ಹೇಳಬೇಕಾಗಿ ಬರಲಿಲ್ಲ.

ನೆಲಕ್ಕೆ ಅಂಟಿಸಿದ್ದ ಬಿಳಿ ಪಟ್ಟಿಯ ಮೇಲೆ ನಡೆದರೆ ವೇದಿಕೆಗೆ ಮೂವತ್ತೆರಡು ಹೆಜ್ಜೆ. ನಲವತ್ತು ದುಂಡು ಮೇಜುಗಳು, ಬಿಳಿ ಗವಸು ತೊಟ್ಟ ಖಾಲಿ ಕುರ್ಚಿಗಳು. ಮೇಲಿನ ಬಾಲ್ಕನಿಯಿಂದ ದೀಪದವನು ಬೆಳಕನ್ನು ಅವಳ ಹಿಂದೆಯೇ ಜಾರಿಸುತ್ತ ಬಂದ. ಮೊದಲ ಸುತ್ತಿನಲ್ಲಿ ಅವಳನ್ನು "ಅಕ್ಕಾವ್ರೇ" ಎನ್ನುತ್ತಿದ್ದ ಮ್ಯಾನೇಜರಮ್ಮ ಎರಡನೆಯದರಲ್ಲಿ "ಮೇಡಂ" ಎಂದಳು. ಮೂರನೆಯ ಸುತ್ತಿಗೆ, "ಪುಟ್ಟಿ ಮೇಡಂ, ಇಲ್ಲಿ ಒಂಚೂರು ನಿಂತು ನಗಬೇಕು," ಎಂದಳು. ಬಾಯಿತಪ್ಪಿ ಬಂದದ್ದಿರಬೇಕು ಎಂದು ಅಕ್ಕ ಸುಮ್ಮನೆ ನಕ್ಕಳು.

ಅಮ್ಮ ವೇದಿಕೆ ಹತ್ತಿ ಬಂದು ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಕಣ್ಣು ತುಂಬಿತ್ತು. "ನೀನು ಹೋದ್ಮೇಲೆ ಮನೆ ಭಣಭಣ ಅನ್ನತ್ತೆ ಕಣೇ ಪುಟ್ಟಿ."

"ಅಮ್ಮ, ನಾನಮ್ಮ."

"ನೀನೇ ಕಣೇ. ಇನ್ಯಾರಿದಾರೆ ಇಲ್ಲಿ?"

ಅಮ್ಮನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಆದರೂ ಅಕ್ಕ ತಲೆ ಸರಿಸಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅಮ್ಮ ಹೀಗೆ ಅವಳ ಕೂದಲು ಸರಿಮಾಡಿದ್ದೇ ಇಲ್ಲ. ಅಷ್ಟರಲ್ಲಿ ಅಮ್ಮನ ಫೋನು ಹೊಡೆದುಕೊಂಡಿತು. ಮದುಮಗ. "ತಗೋ, ನೀನೇ ಮಾತಾಡು," ಎಂದು ಅಮ್ಮ ಫೋನನ್ನು ಅವಳ ಕಿವಿಗೇ ಹಿಡಿದಳು. "ಪುಟ್ಟಿ, ನಡೆದು ನಡೆದು ಸುಸ್ತಾಯ್ತಾ?" ಎಂದ ಅವನು. "ಇಲ್ಲಪ್ಪ," ಎಂದಳು ಅಕ್ಕ. ಬಂದ ದನಿ ಪುಟ್ಟಿಯದು. ಅವಳು ಫೋನನ್ನು ಬೇಗ ಹಿಂತಿರುಗಿಸಿದಳು. ಹೀಲ್ಸ್ ಕಚ್ಚುವುದು ಯಾವಾಗ ನಿಂತಿತೋ ಗೊತ್ತಾಗಿರಲಿಲ್ಲ. ಬಗ್ಗಿ ನೋಡಿದರೆ ಹೆಬ್ಬೆರಳಿನ ಮುಂದೆ ಜಾಗ ಉಳಿದಿತ್ತು.

ಆಗ ದೊಡ್ಡ ಬಾಗಿಲು ತೆರೆಯಿತು. ಹೆಗಲಿಗೆ ಪ್ರಯಾಣದ ಚೀಲ, ಬರಿಗಾಲು, ಕೆದರಿದ ತಲೆ. ಪುಟ್ಟಿ.

"ಅಯ್ಯೋ ಅಕ್ಕ, ಪಾಪ ನಿನ್ನ ಕಾಲು! ಬಿಚ್ಚು ಬಿಚ್ಚು, ಇನ್ನು ನಾನೇ ನಡೀತೀನಿ."

ಮ್ಯಾನೇಜರಮ್ಮ ಕೈಯಲ್ಲಿದ್ದ ಹೆಸರುಗಳ ಪಟ್ಟಿಯನ್ನೊಮ್ಮೆ, ಬಾಗಿಲಲ್ಲಿದ್ದವಳನ್ನೊಮ್ಮೆ ನೋಡಿದಳು. "ಇವರು ಯಾರು ಅಂತ ಗೊತ್ತಾಗ್ಲಿಲ್ಲ..."

"ನಮ್ಮ ದೊಡ್ಡ ಮಗಳು," ಎಂದಳು ಅಮ್ಮ. "ಈಗ ಬಂದ್ಯಾ? ಅಲ್ಲೇ ಒಂದು ಕಡೆ ಕೂತ್ಕೊ. ತಂಗಿ ಎಷ್ಟು ಚೆನ್ನಾಗಿ ನಡೀತಾಳೆ ನೋಡು."

ಪುಟ್ಟಿ ಪಕಪಕ ನಕ್ಕಳು. ಮತ್ಯಾರೂ ನಗಲಿಲ್ಲ. ಅವಳು ಅಮ್ಮನ ಮುಖ ನೋಡಿದಳು, ಮ್ಯಾನೇಜರಮ್ಮನ ಮುಖ ನೋಡಿದಳು, ನಗು ಅರ್ಧಕ್ಕೇ ಒಣಗಿತು. "ಇದೆಂಥ ಆಟ ಅಮ್ಮ? ನನಗೆ ಭಯ ಆಗ್ತಿದೆ." ದೀಪದವನಿಗಾದರೂ ನಿಜ ಕಾಣುತ್ತದೇನೋ ಎಂಬಂತೆ ಮೇಲೆ ನೋಡಿದಳು. ಬೆಳಕು ವೇದಿಕೆಯಿಂದ ಕದಲಲಿಲ್ಲ. ಕೊನೆಗೆ ವೇದಿಕೆಯತ್ತ ತಿರುಗಿದಳು. "ಅಕ್ಕ, ನೀನಾದ್ರೂ ಹೇಳೇ!"

ಹೇಳಿದರೆ ಮುಗಿಯುತ್ತಿತ್ತು. ಒಂದೇ ಮಾತು ಸಾಕಿತ್ತು. ತಂಗಿಯ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಆ ಹೆದರಿದ ಕಣ್ಣು ಕಂಡು ಕರುಳು ಚುರ್ ಎಂದಿತು. ಕಾಲು ಹೀಲ್ಸಿನಿಂದ ಅರ್ಧ ಹೊರಗೂ ಬಂತು. ಕೆನ್ನೆಯ ಮೇಲೆ ಬೆಳಕು ಬೆಚ್ಚಗಿತ್ತು. ಅಮ್ಮನ ಕೈ ಇನ್ನೂ ಅವಳ ಕೂದಲಲ್ಲೇ ಇತ್ತು.

ಅವಳು ಕಾಲನ್ನು ಮತ್ತೆ ಒಳಗೆ ತೂರಿಸಿ, ವೇದಿಕೆಯ ಅಂಚಿಗೆ ಬಂದು ಮೆತ್ತಗೆ ಹೇಳಿದಳು:

"ಹಟ ಮಾಡ್ಬೇಡ ಅಕ್ಕ. ದೊಡ್ಡವಳಲ್ವಾ ನೀನು, ಬಿಟ್ಟುಕೊಡು."